ಕಣ್ಣಳತೆಯ ಓಟಗಾರ್ತಿ

ಚಿಕ್ಕಲಸಂದ್ರದ ನಮ್ಮ ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಟೈಮ್ ಸಾರ್’ ಎನ್ನುತ್ತಾರೆ. ಎದುರಿಗೆ ಅಂದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಇಪ್ಪತ್ತಾರು ವರ್ಷದಿಂದ ಇಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೇನೆ, ಅಷ್ಟೂ ವರ್ಷ ಕೊರಳಲ್ಲಿ ಒಂದು ಸ್ಟಾಪ್‌ವಾಚ್ ನೇತಾಡುತ್ತಲೇ ಇದೆ. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್. ಜೂನ್ ತಿಂಗಳಲ್ಲಿ ಪ್ರತಿಯೊಂದು ಮಗುವನ್ನೂ ಓಡಿಸಿ, ಎಷ್ಟು ಸೆಕೆಂಡಿಗೆ ಓಡಿತು ಎಂದು ಹೆಸರಿನ ಮುಂದೆ ಬರೆಯುತ್ತೇನೆ. ಆಮೇಲೆ ತಂಡ ಕಟ್ಟುತ್ತೇನೆ. ಮುಖ ನೋಡಿ ಯಾರನ್ನೂ ತಂಡಕ್ಕೆ ಹಾಕಿದವನಲ್ಲ. ಒಮ್ಮೆ ಟ್ರಸ್ಟಿಗಳ ಮೊಮ್ಮಗನನ್ನು ಅವನ ಟೈಮ್ ತೋರಿಸಿ ಮನೆಗೆ ಕಳಿಸಿದ್ದೆ. ಆ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಗಣಿತದ ಮೇಡಂ ಈಗ ನಾನು ಬಾಯಿ ತೆರೆಯುವ ಮೊದಲೇ ಕೊನೆಯ ಸಾಲು ಹೇಳಿಬಿಡುತ್ತಾರೆ.

ಈ ಹಟಕ್ಕೆ ಕಾರಣ ಇಲ್ಲದಿಲ್ಲ. ಉತ್ತರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ನಾನು ಅಲ್ಲಿ ಹುಟ್ಟಿದವನು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದ. ಮನೆಯ ನಡುಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು, ಈಗಲೂ ಇದೆ. ಏಳನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಕೂಲಿ ಮಾಡೋರ ಮಕ್ಕಳಿಗೆ ಕಾಲು ಗಟ್ಟಿ ಇರುತ್ತೆ, ನೀನು ಓಡು. ಕ್ಯಾಪ್ಟನ್ ಮಾತ್ರ ಅವನಾಗ್ಲಿ” ಎಂದು ಇನ್ನೊಬ್ಬನ ಕಡೆ ಕೈ ತೋರಿಸಿದ್ದರು. ನಾನು ಓಡಿದೆ, ಗೆದ್ದೆ. ಕಪ್ಪು ಹಿಡಿದು ಫೋಟೊ ತೆಗೆಸಿಕೊಂಡವನು ಅವನು. ಆ ಫೋಟೊದಲ್ಲಿ ನನ್ನ ಅರ್ಧ ಭುಜ ಕಾಣಿಸುತ್ತದೆ.

ಆ ವರ್ಷವೇ ನಾನು ಚಿತ್ರ ಅಂಟಿಸಲು ಶುರು ಮಾಡಿದ್ದು. ಕಟಿಂಗ್ ಶಾಪಿನಲ್ಲಿ ಹಳೆಯ ಪೇಪರುಗಳನ್ನು ರಾಶಿ ಹಾಕಿರುತ್ತಿದ್ದರು. ಅದರಲ್ಲಿ ಕರಿಯ ಓಟಗಾರರ, ಬಾಕ್ಸರುಗಳ, ಚೆಂಡಾಟದವರ ಚಿತ್ರ ಸಿಕ್ಕರೆ ಕೇಳಿ ಹರಿದುಕೊಂಡು ಬರುತ್ತಿದ್ದೆ. ಯಾವ ದೇಶ, ಯಾವ ಊರು ಒಂದೂ ತಿಳಿಯುತ್ತಿರಲಿಲ್ಲ. ನನ್ನ ಮೈಬಣ್ಣದವರು, ಗೆದ್ದು ನಿಂತಿದ್ದಾರೆ, ಫೋಟೊದಲ್ಲಿ ಪೂರ್ತಿಯಾಗಿ ಇದ್ದಾರೆ. ಅಷ್ಟು ಸಾಕಿತ್ತು. ದೊಡ್ಡವನಾದ ಮೇಲೆ ಅವರ ಬಗ್ಗೆ ಓದಿದೆ. ತಂಡದ ಉಳಿದವರೆಲ್ಲ ಹೋಟೆಲಿನಲ್ಲಿ ಮಲಗಿದರೆ ತಾವೊಬ್ಬರೇ ಬೇರೆ ಮನೆ ಹುಡುಕಿಕೊಂಡು ಹೋದ ಆಟಗಾರರಿದ್ದರು. ಬಿಳಿಯರ ಕ್ಲಬ್ಬಿನ ಬೇಲಿಯ ಹೊರಗೆ ನಿಂತು ಆಟ ಕಲಿತ ಹೆಂಗಸರಿದ್ದರು. ‘ನಿಮ್ಮವರಿಗೆ ಇದು ಒಗ್ಗುವ ಆಟವಲ್ಲ’ ಎಂದು ಹೇಳಿಸಿಕೊಂಡೂ ಬ್ಯಾಟು ಕೆಳಗಿಡದವರು, ಈಜುಕೊಳಕ್ಕೆ ಬಿಡದಿದ್ದರೂ ಈಜು ಬಿಡದವರು. ಓದುತ್ತಾ ಎಷ್ಟೋ ಸಲ ನಮ್ಮ ಮನೆಯವರ ಕಥೆಯನ್ನೇ ಯಾರೋ ಬೇರೆ ಊರಿನ ಹೆಸರು ಹಾಕಿ ಬರೆದಿದ್ದಾರೆ ಅನ್ನಿಸುತ್ತಿತ್ತು.

ಶಾಲೆಯಲ್ಲಿ ನನ್ನ ಪಿ.ಟಿ. ರೂಮು ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಆ ಚಿತ್ರಗಳಲ್ಲಿ ಚೆನ್ನಾಗಿ ಉಳಿದವನ್ನು ಲ್ಯಾಮಿನೇಟ್ ಮಾಡಿಸಿ ಅಲ್ಲಿ ತೂಗುಹಾಕಿದ್ದೇನೆ. ಬಂದ ಮಕ್ಕಳಿಗೆಲ್ಲ ಅವರ ಕಥೆ ಹೇಳುತ್ತೇನೆ. ಕೇಳಲು ಇಷ್ಟ ಇರಲಿ ಬಿಡಲಿ, ವಾಲಿಬಾಲಿಗೆ ಗಾಳಿ ಹೊಡೆಯುವವರೆಗೂ ಕೇಳಲೇಬೇಕು.

ಇಷ್ಟೆಲ್ಲ ಹೇಳಿದ್ದು, ಇಂಥವನಾದ ನಾನು ಏನು ಮಾಡಿದೆ ಎಂದು ಹೇಳುವ ಮುಂಚೆ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳೋಣ ಎಂದು.

ಮೊನ್ನೆ ಮೊನ್ನೆಯ ಮಾತು, ಎರಡು ವರ್ಷವೂ ಆಗಿಲ್ಲ. ಎಂಟನೇ ಕ್ಲಾಸಿಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಯಲ್ಲಾಪುರದ ಕಡೆಯ ಸಿದ್ದಿ ಮನೆತನ. ಎಷ್ಟೋ ತಲೆಮಾರುಗಳ ಹಿಂದೆ ಅವರ ಹಿರಿಯರನ್ನು ಆಫ್ರಿಕಾದಿಂದ ತಂದಿದ್ದರು. ಈಗ ಅವರು ನಮ್ಮ ನಿಮ್ಮ ಹಾಗೆ ಕನ್ನಡದವರು. ಅವಳ ಅಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರ್, ಬನಶಂಕರಿ-ಉತ್ತರಹಳ್ಳಿ ರೂಟು. ಆ ಬಸ್ಸಿನಲ್ಲಿ ನಾನೂ ಓಡಾಡಿದ್ದೇನೆ. ಹೊಸದಾಗಿ ಹತ್ತಿದವರು ಆಯಮ್ಮನನ್ನು ನೋಡಿ ಇಂಗ್ಲಿಷಿನಲ್ಲಿ ತಡವರಿಸುತ್ತಾ ಸ್ಟಾಪು ಕೇಳುತ್ತಾರೆ. ಆಕೆ, “ಒಳಗ್ ಹೋಗ್ರೀ, ಬಾಗ್ಲಲ್ಲಿ ನಿಂತ್ಕೋಬೇಡಿ. ಚಿಲ್ರೆ ಕೊಡ್ರೀ” ಎಂದ ಕೂಡಲೇ ಇಡೀ ಬಸ್ಸು ನಗುತ್ತದೆ.

ಮಗಳು ಎತ್ತರದ ಹುಡುಗಿ. ಉದ್ದನೆಯ ಕಾಲು, ಗುಂಗುರು ಕೂದಲನ್ನು ಎರಡು ಜಡೆಯಾಗಿ ಬಿಗಿದು ಕಟ್ಟಿರುತ್ತಿದ್ದಳು. ಮೊದಲ ದಿನದ ಪ್ರಾರ್ಥನೆಯಲ್ಲಿ ಸಾಲಿನ ಕೊನೆಯಲ್ಲಿ ನಿಂತಿದ್ದಳು. ನಾನು ವೇದಿಕೆಯ ಮೇಲಿಂದ ನೋಡಿದವನೇ ಮನಸ್ಸಿನಲ್ಲೇ ರಿಲೇ ತಂಡ ಕಟ್ಟಿಬಿಟ್ಟೆ. ನಾಲ್ಕನೇ ಓಟ, ಕೊನೆಯ ನೂರು ಮೀಟರು ಅವಳದು. ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ ಕಪ್ಪು ಎಲ್ಲಿ ಇಡುವುದು ಎಂದೂ ಯೋಚಿಸಿ ಆಗಿತ್ತು.

ಬೆಲ್ಲು ಹೊಡೆದ ಮೇಲೆ ಕರೆದು ಹೇಳಿದೆ.

“ಸಾರ್, ನಂಗೆ ಓಡೋಕ್ ಬರಲ್ಲ” ಎಂದಳು.

“ಬರುತ್ತೆ ಕಣಮ್ಮ, ನಿಂಗೆ ಗೊತ್ತಿಲ್ಲ ಅಷ್ಟೇ. ಇಲ್ಲಿ ಬಾ, ಇವರನ್ನೆಲ್ಲ ನೋಡು” ಎಂದು ಗೂಡಿಗೆ ಕರೆದುಕೊಂಡು ಹೋಗಿ ಚಿತ್ರ ತೋರಿಸಿದೆ. ಬಾಯಲ್ಲಿ ಒಂದು ಮಾತೂ ಬಂತು: “ನಿಮ್ಮವರೇ.” ಅವಳು ಚಿತ್ರಗಳನ್ನು ನೋಡಿದಳು, ನನ್ನನ್ನು ನೋಡಿದಳು, “ನಮ್ಮೂರು ಯಲ್ಲಾಪುರ ಸಾರ್” ಎಂದಳು. ಪಾಪ, ಸಂಕೋಚದ ಹುಡುಗಿ ಎಂದುಕೊಂಡೆ.

ಅವಳಿಗೆ ಬೇಕಾಗಿದ್ದದ್ದು ಬೇರೆಯೇ. ಮೇಲಿನ ಹಾಲಿನಲ್ಲಿ ಒಂದು ಟೇಬಲ್ ಟೆನಿಸ್ ಟೇಬಲ್ ಇತ್ತು. ಮೊದಲ ವಾರದಿಂದಲೇ ಸಂಜೆ ಹೊತ್ತು ಅವಳು ಆ ಹಾಲಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳಿಗೆ ಆ ಟೇಬಲ್ಲಿನ ಒಂದು ಬದಿ ಬೇಕಿತ್ತು, ಶಾಲೆಯ ತಂಡದಲ್ಲಿ ಒಂದು ಜಾಗ ಬೇಕಿತ್ತು. ಆದರೆ ಆ ಟೇಬಲ್ಲು ಹೆಸರಿಗೆ ಶಾಲೆಯದು. ನಿಜವಾಗಿ ಅದು ಐದು ಹುಡುಗಿಯರದು. ಜಯನಗರದಲ್ಲಿ ಕೋಚಿಂಗಿಗೆ ಹೋಗುವ, ಜಿಪ್ ಚೀಲದಲ್ಲಿ ಸ್ವಂತ ಬ್ಯಾಟು ತರುವ ಮಕ್ಕಳು. ಕೆಟ್ಟವರಲ್ಲ, ಆದರೆ ಬಾಗಿಲಲ್ಲಿ ನಿಂತವರನ್ನು ಕರೆಯಬೇಕು ಎಂದು ಅವರಿಗೆ ಹೊಳೆಯುತ್ತಿರಲಿಲ್ಲ. ನನಗೂ ಹೊಳೆಯಲಿಲ್ಲ. ತಂಡಕ್ಕೆ ನಾಲ್ವರು ಬೇಕು, ಐವರು ಇದ್ದಾರೆ, ಇನ್ನೇನು ಎಂದು ಪ್ರತಿವರ್ಷ ಅವರಲ್ಲೇ ನಾಲ್ವರನ್ನು ಬರೆದು ಕಳಿಸುತ್ತಿದ್ದೆ.

ಒಂದು ಸಂಜೆ ಅವಳು ಧೈರ್ಯ ಮಾಡಿ, “ಸಾರ್, ನಾನು ಟಿಟಿ ಆಡ್ಬೋದಾ?” ಎಂದು ಕೇಳಿದಳು. ನಾನು ನಕ್ಕು, ಬೆನ್ನು ತಟ್ಟಿ, “ಅದು ನಿನ್ನ ಆಟ ಅಲ್ಲಮ್ಮ. ನಿಂದು ಗ್ರೌಂಡು. ಹೋಗು, ಹುಡ್ಗೀರು ಬ್ಯಾಟನ್ ಹಿಡ್ಕೊಂಡು ಕಾಯ್ತಿದಾರೆ” ಎಂದೆ. ಪ್ರೀತಿಯಿಂದಲೇ ಹೇಳಿದೆ, ಅದೇ ಇನ್ನೂ ನಾಚಿಕೆ. ಮೆಟ್ಟಿಲ ಕೆಳಗೆ ತೂಗುಹಾಕಿದ್ದ ಅಷ್ಟೂ ಜನಕ್ಕೆ ಯಾರ್‍ಯಾರೋ ಹೇಳಿದ್ದ ಮಾತನ್ನು ನಾನು ಅವರ ನೆತ್ತಿಯ ಮೇಲಿನ ಮಹಡಿಯಲ್ಲಿ ನಿಂತು ಹೇಳಿದ್ದೆ.

ಹೋಗಲಿ, ಓಡಿಸಿದಾಗಲಾದರೂ ತಿಳಿಯಬೇಡವೇ? ನಮ್ಮ ಶಾಲೆಯ ಅಂಗಳ ಮೂವತ್ತು ಹೆಜ್ಜೆ ಉದ್ದ, ಅಷ್ಟೇ. ಅಲ್ಲಿ ಬ್ಯಾಟನ್ ಕೊಡುವುದು, ತೆಗೆದುಕೊಳ್ಳುವುದು ಅಭ್ಯಾಸ ಮಾಡಬಹುದು, ಪೂರ್ತಿ ನೂರು ಮೀಟರು ಓಡಲಾಗುವುದಿಲ್ಲ. ಅದಕ್ಕೆ ಗಿರಿನಗರದ ಕಡೆ ಒಂದು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಜೂನಿನಲ್ಲಿ ಎಲ್ಲರ ಟೈಮ್ ತೆಗೆದ ದಿನ ಅವಳ ಸರದಿ ಬಂದಾಗ ಮಳೆ ಹನಿಯಿತು. “ನಿಂದು ಬೇಡ ಬಿಡು, ನಿಂದು ಗೊತ್ತಿರೋದೇ” ಎಂದು ವ್ಯಾನಿಗೆ ಹತ್ತಿಸಿದೆ. ಮುಂದೆ ಎರಡು ಸಲ ಅಲ್ಲಿ ಓಡಿದಳು, ಎರಡೂ ಸಲ ಹಿಂದೆ ಬಿದ್ದಳು. ಮೊದಲನೇ ಸಲ ಶೂ ಸರಿಯಿಲ್ಲ ಎಂದುಕೊಂಡೆ. ಎರಡನೇ ಸಲ ಬೇಕೆಂದೇ ಶಕ್ತಿ ಉಳಿಸಿಕೊಂಡು ಓಡುತ್ತಿದ್ದಾಳೆ, ಪಂದ್ಯದ ದಿನ ತೋರಿಸುತ್ತಾಳೆ ಎಂದುಕೊಂಡೆ. ಗಣಿತದ ಮೇಡಂ ಕೇಳಿಯೂ ಕೇಳಿದರು, “ಸಾರ್, ಆ ಮಗು ಟೈಮ್ ಎಷ್ಟು ಬಂತು?” “ನೀವ್ ನೋಡ್ತಿರಿ ಮೇಡಂ” ಎಂದು ಹುಬ್ಬು ಹಾರಿಸಿದೆ. ಅವಳಿಗಾಗಿ ತಂಡದಿಂದ ನಾನು ಕೈಬಿಟ್ಟದ್ದು ಒಬ್ಬ ಕುಳ್ಳಗಿನ ಹುಡುಗಿಯನ್ನು. ನೋಟ್‌ಬುಕ್ಕಿನಲ್ಲಿ ಆ ಮಗುವಿನ ಟೈಮ್ ಇಡೀ ಶಾಲೆಯಲ್ಲಿ ಮೂರನೆಯದು. “ಪರ್ವಾಗಿಲ್ಲ ಸಾರ್” ಎಂದು ನೀರಿನ ಬಾಟಲಿ ಹೊತ್ತುಕೊಂಡು ಓಡಾಡುತ್ತಿದ್ದಳು.

ನವೆಂಬರಿನಲ್ಲಿ ಅದೇ ಮೈದಾನದಲ್ಲಿ ಸ್ಪೋರ್ಟ್ಸ್ ಡೇ. ಆ ವರ್ಷ ನನ್ನ ಬಹುದಿನದ ಆಸೆ ಈಡೇರಿತು. ದಾರಿ ಮಾಡಿಕೊಟ್ಟ ಕರಿಯ ಕ್ರೀಡಾಪಟುಗಳ ನೆನಪಿಗೆ ಎಂದು ಆ ದಿನವನ್ನು ಮೀಸಲಿಡಲು ಹೆಡ್‌ಮೇಡಂ ಒಪ್ಪಿದರು. ಶಾಮಿಯಾನದ ಉದ್ದಕ್ಕೂ ಹನ್ನೆರಡು ಚಿತ್ರ, ಪ್ರತಿ ಚಿತ್ರದ ಕೆಳಗೆ ಡ್ರಾಯಿಂಗ್ ಮೇಷ್ಟ್ರ ದುಂಡು ಅಕ್ಷರದಲ್ಲಿ ನಾಲ್ಕು ಸಾಲು. ಮಕ್ಕಳು ಒಬ್ಬೊಬ್ಬರ ಕಥೆಯನ್ನು ಮೈಕಿನಲ್ಲಿ ಹೇಳಿದರು. ಐದನೇ ಕ್ಲಾಸಿನ ಒಂದು ಪುಟಾಣಿ, “ಇವ್ರಿಗೆ ನೀರು ಕುಡಿಯೋಕೂ ಬೇರೆ ನಲ್ಲಿ ಇಟ್ಟಿದ್ರಂತೆ. ಆದ್ರೂ ಇವ್ರೇ ಫಸ್ಟ್ ಬಂದ್ರು” ಎಂದಾಗ ಅಪ್ಪ ಅಮ್ಮಂದಿರ ಸಾಲು ಪೂರ್ತಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ. ಆ ಬೆಳಗಿನ ಸಂತೋಷವನ್ನು ಆಮೇಲೆ ನಡೆದದ್ದಕ್ಕಾಗಿ ನಾನು ಸುಳ್ಳು ಎನ್ನುವುದಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ಪಟ್ಟ ದಿನ ಕಡಿಮೆ.

ಕೊನೆಯ ಸ್ಪರ್ಧೆ ಅಕ್ಕಪಕ್ಕದ ಐದು ಶಾಲೆಗಳ ಹುಡುಗಿಯರ ರಿಲೇ. ನಮ್ಮ ಮೊದಲ ಮೂವರು ಜೀವ ಬಿಟ್ಟು ಓಡಿದರು. ಬ್ಯಾಟನ್ ಅವಳ ಕೈಗೆ ಬಂದಾಗ ನಾವೇ ಮುಂದೆ, ಹತ್ತು ಹೆಜ್ಜೆಯಷ್ಟು ಮುಂದೆ. ಅವಳನ್ನು ನೋಡಿದ್ದೇ ತಡ, ಜನ ಎದ್ದು ನಿಂತು ಕೂಗತೊಡಗಿದರು. “ಮಗಾ, ಮುಗೀತು ಬಿಡು, ಇನ್ಯಾರ್ ಹಿಡೀತಾರೆ ಅವಳನ್ನ” ಎಂದು ಹತ್ತನೇ ಕ್ಲಾಸಿನ ಒಬ್ಬ ಅಂದದ್ದು ಕೇಳಿಸಿತು. ಅವಳು ಓಡಿದಳು. ತಲೆ ಬಗ್ಗಿಸಿ, ಹಲ್ಲು ಕಚ್ಚಿ, ಶಕ್ತಿಯಿದ್ದಷ್ಟೂ ಓಡಿದಳು. ಅವಳು ಏನನ್ನೂ ಉಳಿಸಿಕೊಂಡಿರಲಿಲ್ಲ. ಅವಳಿಗೆ ಬರುತ್ತಿದ್ದದ್ದೇ ಅಷ್ಟು. ಅರ್ಧ ದಾರಿಗೆ ಒಬ್ಬಳು ದಾಟಿದಳು, ಆಮೇಲೆ ಇಬ್ಬರು, ಗೆರೆಯ ಹತ್ತಿರ ಇನ್ನೊಬ್ಬಳು. ಐದರಲ್ಲಿ ಐದನೆಯವಳಾಗಿ ಬಂದಳು.

ಕೂಗು ನಿಂತಿತು. ಹಿಂದಿನ ಸಾಲಿನ ಒಬ್ಬ ಅಂಕಲ್, “ನೋಡೋಕ್ ಹಂಗಿದಾಳೆ ಅಷ್ಟೇ” ಎಂದು ನಕ್ಕರು. ಅವಳು ಬ್ಯಾಟನ್ನನ್ನು ನನ್ನ ಕೈಗೆ ಕೊಟ್ಟು ಶಾಮಿಯಾನದ ಹಿಂದೆ ಹೋದಳು. ಕಣ್ಣಲ್ಲಿ ನೀರೂ ಇರಲಿಲ್ಲ.

ಅವಳ ಅಮ್ಮ ಅಲ್ಲೇ ಇದ್ದರು. ಎರಡು ಟ್ರಿಪ್ಪಿನ ನಡುವೆ ಬಿಡುವು ಮಾಡಿಕೊಂಡು ಯೂನಿಫಾರ್ಮಿನಲ್ಲೇ ಬಂದಿದ್ದರು. ಹನ್ನೆರಡೂ ಚಿತ್ರಗಳ ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದುತ್ತಿದ್ದದ್ದನ್ನು ನಾನು ಬೆಳಿಗ್ಗೆಯೇ ನೋಡಿ ಖುಷಿಪಟ್ಟಿದ್ದೆ. ಈಗ ನೇರವಾಗಿ ನನ್ನ ಹತ್ತಿರ ಬಂದರು. ಏರಿದ ದನಿಯಲ್ಲ, ಟಿಕೆಟ್ ಕೇಳುವ ದನಿ.

“ಸರ್, ಎಲ್ಲ ಮಕ್ಕಳ ಟೈಮೂ ಬರ್ದಿಡ್ತೀರಂತೆ. ನನ್ನ ಮಗಳದ್ದು ಎಷ್ಟು ಬರ್ದೀರಿ? ಸ್ವಲ್ಪ ತೋರಿಸ್ರೀ.”

ನೋಟ್‌ಬುಕ್ ನನ್ನ ಕಂಕುಳಲ್ಲೇ ಇತ್ತು. ತೆಗೆದೆ. ಎಂಟನೇ ಕ್ಲಾಸು, ನಲವತ್ತೊಂದು ಹೆಸರು. ನಲವತ್ತು ಹೆಸರಿನ ಮುಂದೆ ಅಂಕಿ ಇತ್ತು. ಒಂದು ಹೆಸರಿನ ಮುಂದೆ ಖಾಲಿ. ಆಕೆ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಎಲ್ಲಾರ್ದೂ ಅಳತೆ ಐತಿ, ಇವಳ್ದು ಇಲ್ಲ” ಎಂದರು. ಕೋಪ ಬಂದಾಗ ಆಕೆಯ ಮಾತು ಪೂರ್ತಿ ಊರಿನ ಕಡೆಗೆ ತಿರುಗುತ್ತಿತ್ತು. “ನಾನು ಸಣ್ಣಾಕಿ ಇದ್ದಾಗ ನಮ್ಮ ಹಳ್ಳಿಗೂ ಓಟಕ್ಕ ಹುಡುಗ್ರನ್ನ ಆರಿಸೋರು ಯಾರೋ ಬಂದಿದ್ರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕಾಲು ನೋಡಿದ್ರು. ಅವ್ರು ಕಡೀಕೆ ಓಡಿಸಿಯಾದ್ರೂ ನೋಡಿದ್ರು ಸರ್. ನಾನು ಜೋರು ಓಡ್ಲಿಲ್ಲ, ಬಿಟ್ಟು ಹೋದ್ರು. ಇವಳು ಓಡೋದಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರೂ ನೀವು ಬಿಡ್ಲಿಲ್ಲ. ಈ ಫೋಟೊದಾಗಿನ ಮಂದಿ ಅಷ್ಟು ಕಷ್ಟಪಟ್ಟಿದ್ದು ಯಾಕ್ರೀ? ನಮ್ಮನ್ನೂ ಎಲ್ಲಾರ ಹಂಗ ನೋಡ್ರಿ ಅಂತ ಹೌದಲ್ರೀ?”

ಆಕೆ ಗಡಿಯಾರ ನೋಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡರೆ, “ನಿಮ್ಮ ಏಳನೇ ಕ್ಲಾಸ್ ಮೇಷ್ಟ್ರನ್ನ ಇಷ್ಟು ವರ್ಷ ಬೈಕೊಂಡು ತಿರುಗಿದ್ರಲ್ಲ, ಈಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತ್ಕೊಳ್ಳಿ” ಎಂದಳು. ಸಿಟ್ಟು ನೆತ್ತಿಗೇರಿತು. ಕಾಳಿನ ತಟ್ಟೆ ಸರಿಸಿ ಎದ್ದೆ. ಎರಡು ನಿಮಿಷ ವರಾಂಡದಲ್ಲಿ ನಿಂತು, ಆಮೇಲೆ ವಾಪಸ್ಸು ಬಂದು ಕಾಯಿ ಸುಲಿಯಲು ಕೂತೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಸೋಮವಾರ ಹುಡುಗಿಯನ್ನು ಕರೆದೆ. ಮೇಷ್ಟ್ರ ಕೆಲಸದಲ್ಲಿ ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಬಹಳ ಕಡಿಮೆ. “ನಂದು ತಪ್ಪಾಯ್ತಮ್ಮ. ನೀನು ಹೇಳಿದ್ದನ್ನ ಕೇಳ್ಬೇಕಾಗಿತ್ತು” ಎಂದೆ. ಅವಳು, “ಹಂಗಾದ್ರೆ ಈಗ ನನ್ನ ಟೈಮ್ ತಗೊಳ್ಳಿ ಸಾರ್” ಎಂದಳು. ಅದೇ ವಾರ ಗಿರಿನಗರದ ಮೈದಾನದಲ್ಲಿ ಒಬ್ಬಳನ್ನೇ ಓಡಿಸಿದೆ. ಹತ್ತೊಂಬತ್ತು ಸೆಕೆಂಡು ಚಿಲ್ಲರೆ. ಕ್ಲಾಸಿನಲ್ಲಿ ಕೊನೆಯಿಂದ ಎರಡನೆಯವಳು. ಏದುಸಿರು ಬಿಡುತ್ತಾ ಬಂದು ನೋಟ್‌ಬುಕ್ಕಿಗೆ ಇಣುಕಿ, “ಲಾಸ್ಟ್ ಅಲ್ವಲ್ಲ ಸಾರ್, ನಂಗಿಂತ ಸ್ಲೋ ಒಬ್ರಿದಾರೆ!” ಎಂದು ನಕ್ಕಳು. ಅವಳು ನಕ್ಕಿದ್ದನ್ನು ಅಂದೇ ನಾನು ಮೊದಲು ನೋಡಿದ್ದು. ಕುಳ್ಳಗಿನ ಹುಡುಗಿಯನ್ನು ಅಂದೇ ರಿಲೇಗೆ ವಾಪಸ್ಸು ಹಾಕಿದೆ.

“ಟಿಟಿ ಎಲ್ಲಿ ಕಲಿತೆ?” ಎಂದು ಆಗಲಾದರೂ ಕೇಳಿದೆ.

“ಡಿಪೋದಲ್ಲಿ ಸಾರ್.”

ಬಸ್ ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ ಒಂದು ಹಳೆಯ ಟೇಬಲ್ಲು ಇದೆಯಂತೆ. ಡ್ಯೂಟಿ ಮುಗಿದ ಡ್ರೈವರುಗಳು, ಮೆಕ್ಯಾನಿಕ್ಕುಗಳು ಆಡುತ್ತಾರಂತೆ. ನೆಟ್ಟು ಹರಿದುಹೋಗಿ ಅದರ ಜಾಗದಲ್ಲಿ ಹಳೆಯ ಸೀಟಿನ ರೆಕ್ಸಿನ್ ಕಟ್ಟಿದ್ದಾರೆ. ಅಮ್ಮನ ಪಾಳಿ ಮುಗಿಯುವವರೆಗೂ ಕಾಯಬೇಕಾಗಿದ್ದ ಮಗು ನಾಲ್ಕನೇ ಕ್ಲಾಸಿನಿಂದ ಆ ಅಂಕಲ್‌ಗಳ ಜೊತೆ ಆಡಿ ಬೆಳೆದಿದ್ದಳು. “ಅಲ್ಲಿ ಜಾಗ ಕಡಿಮೆ ಸಾರ್, ಹಿಂದೆ ಗೋಡೆ. ಅದಕ್ಕೇ ಓಡೋ ಹಂಗೇ ಇಲ್ಲ. ನಿಂತಲ್ಲೇ ಆಡ್ಬೇಕು” ಎಂದಳು. ಓಡುವುದು ಬೇಕಿಲ್ಲದ ಆಟವನ್ನು ಆರಿಸಿಕೊಂಡ ಮಗುವನ್ನು ನಾನು ಐದು ತಿಂಗಳು ಓಡಿಸಿದ್ದೆ.

ಅಂತರಶಾಲಾ ಟಿಟಿ ಪಂದ್ಯಕ್ಕೆ ಹೆಸರು ಕಳಿಸಲು ಎಂಟು ದಿನ ಉಳಿದಿತ್ತು. ಪ್ರಾರ್ಥನೆಯಲ್ಲಿ ಘೋಷಿಸಿದೆ: ಈ ಸಲ ಯಾರು ಬೇಕಾದರೂ ಬರಬಹುದು, ಎಲ್ಲರೂ ಎಲ್ಲರ ಜೊತೆ ಆಡಬೇಕು, ಸ್ವಂತ ಬ್ಯಾಟು ತರುವ ಹಾಗಿಲ್ಲ. ಶಾಲೆಯ ಬೀರುವಿನಲ್ಲಿ ರಬ್ಬರು ಸವೆದ ಆರು ಬ್ಯಾಟು ಇದ್ದವು. ಪ್ರತಿ ಆಟಕ್ಕೂ ಕಣ್ಣು ಮುಚ್ಚಿ ಒಂದು ತೆಗೆದುಕೊಳ್ಳಬೇಕು. ಕೋಚಿಂಗಿನ ಐವರೂ ಗೊಣಗಿದರು. “ಸಾರ್, ಇದು ಚಪಾತಿ ಮಣೆ ಸಾರ್” ಎಂದಳು ಒಬ್ಬಳು. “ಚಪಾತಿ ಮಣೇಲೂ ಗೆದ್ದು ತೋರ್ಸಮ್ಮ” ಎಂದೆ. ಒಬ್ಬ ತಾಯಿ ಫೋನು ಮಾಡಿ, ಮೂರು ವರ್ಷ ಕೋಚಿಂಗಿಗೆ ಕಳಿಸಿದ್ದೇವೆ, ಇದು ಅನ್ಯಾಯ ಎಂದರು. ನಾನು ದನಿ ಏರಿಸಲಿಲ್ಲ, ಆ ವಾರ ನನ್ನ ದನಿ ಅಷ್ಟಾಗಿ ಏರುತ್ತಿರಲಿಲ್ಲ. “ಮೇಡಂ, ಎಲ್ರಿಗೂ ಅದೇ ಟೇಬಲ್, ಅದೇ ಬ್ಯಾಟು. ನೀವೂ ಬಂದು ಕೂತು ನೋಡಿ” ಎಂದೆ. ಬಂದರು, ಕೂತರು. ಅದು ಅವರ ದೊಡ್ಡತನ.

ಒಂಬತ್ತು ಹುಡುಗಿಯರು ಬಂದರು. ಮೂರು ಸಂಜೆ ಆಟ ನಡೆಯಿತು. ನಮ್ಮ ಹುಡುಗಿ ಮೊದಲ ದಿನ ಎರಡು ಆಟ ಸೋತಳು, ಅಷ್ಟು ಅಗಲವಾದ ಹಾಲಿನಲ್ಲಿ ಆಡಿ ಗೊತ್ತಿರಲಿಲ್ಲ. ಚೆಂಡು ದೂರ ಹೋದರೆ ತಲುಪಲು ಕಾಲು ಬರುತ್ತಿರಲಿಲ್ಲ. ಆದರೆ ಚೆಂಡು ಕೈಗೆಟುಕುವಷ್ಟು ಹತ್ತಿರ ಬಂತೋ, ಮುಗಿಯಿತು. ಬ್ಯಾಟನ್ನು ಕೆಳಗಿನಿಂದ ಸರಕ್ಕನೆ ಕತ್ತರಿಸಿದ ಹಾಗೆ ಎಳೆಯುತ್ತಿದ್ದಳು. ಚೆಂಡು ಆಚೆ ಬದಿಯಲ್ಲಿ ಬಿದ್ದು ಅಲ್ಲೇ ಸತ್ತುಹೋಗುತ್ತಿತ್ತು. ಕೋಚಿಂಗಿನ ಮಕ್ಕಳು ಅಂಥದ್ದನ್ನು ಕಂಡೇ ಇರಲಿಲ್ಲ. “ಸಖತ್ತಾಗಿದೆ ಕಣೇ, ಹೆಂಗ್ ಮಾಡ್ದೆ, ಇನ್ನೊಂದ್ ಸಲ ಮಾಡು” ಎಂದು ಸೋತವಳೇ ಕೇಳಿದಳು. ಮೂರನೇ ಸಂಜೆಯ ಕೊನೆಗೆ ಲೆಕ್ಕ ಹಾಕಿದಾಗ ಅವಳು ನಾಲ್ಕನೆಯವಳು. ನಾಲ್ಕೇ ಜಾಗ. ನಾನು ಒಂದು ಅಂಕವನ್ನೂ ಆಚೀಚೆ ಮಾಡಲಿಲ್ಲ. ಮಾಡಬೇಕಾಗಿ ಬರಲಿಲ್ಲವಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟದ್ದು ನಿಜ.

ಪಂದ್ಯ ನಡೆದದ್ದು ಜೆಪಿ ನಗರದ ಒಂದು ಶಾಲೆಯಲ್ಲಿ. ಅವಳ ಕೈಯಲ್ಲಿ ಡಿಪೋದವರು ಕೊಟ್ಟು ಕಳಿಸಿದ ಬ್ಯಾಟು ಇತ್ತು, ಹಿಡಿಗೆ ಕಪ್ಪು ಟೇಪು ಸುತ್ತಿತ್ತು. ಅವಳ ಅಮ್ಮ ಅಂದು ರಜೆ ಹಾಕಿ ಸೀರೆಯುಟ್ಟು ಬಂದಿದ್ದರು. ಬಸ್ಸಿನಲ್ಲಿ ಅಷ್ಟು ಜನರನ್ನು ಗದರುವ ಹೆಂಗಸು ಅಂದು ಗ್ಯಾಲರಿಯ ಮೂಲೆಯಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದರು.

ನಮ್ಮ ಮೊದಲ ಪಂದ್ಯ ಎರಡು-ಎರಡು ಸಮವಾಗಿ ಅವಳ ಕೊನೆಯ ಆಟದ ಮೇಲೆ ಬಂದು ನಿಂತಿತು. ಎದುರು ಶಾಲೆಯ ಪಿ.ಟಿ. ಮೇಷ್ಟ್ರು ನನ್ನ ಪಕ್ಕ ಬಂದು ನಿಂತು ಅವಳನ್ನೇ ನೋಡುತ್ತಾ, “ಏನ್ ಗುರು, ಇಂಥ ಹುಡ್ಗೀನ ಟಿಟಿಗೆ ಹಾಕಿದೀಯಲ್ಲ? ಟ್ರ್ಯಾಕಿಗೆ ಬಿಟ್ಟಿದ್ರೆ ಸ್ಟೇಟ್ ಲೆವೆಲ್ಲಿಗೆ ಹೋಗೋಳು” ಎಂದರು. ಅವರನ್ನು ಬೈಯುವ ಹಕ್ಕು ನನಗೆ ಎಲ್ಲಿತ್ತು? “ಓಟದಲ್ಲಿ ಅವಳು ನನಗಿಂತ ಸ್ಲೋ ಸಾರ್. ಆಟ ನೋಡಿ” ಎಂದೆ.

ಆಟ ನೋಡುವಂತೆಯೇ ಇತ್ತು. ಒಂದೊಂದು ಗೇಮು ಇಬ್ಬರದೂ ಆಗಿ ಮೂರನೆಯದರಲ್ಲಿ ಅವಳು ಒಂಬತ್ತು, ಎದುರಿನವಳು ಏಳು. ಸರ್ವ್ ಅವಳದು. ಹನ್ನೊಂದಾದರೆ ಗೆಲುವು. ಮೊದಲ ಸರ್ವ್ ಎತ್ತರಕ್ಕೆ ಎದ್ದಿತು, ಎದುರಿನವಳು ಬಾರಿಸಿದಳು. ಎರಡನೆಯದೂ ಹಾಗೆಯೇ ಎದ್ದಿತು, ಅದನ್ನೂ ಬಾರಿಸಿದಳು. ಒಂಬತ್ತು-ಒಂಬತ್ತು. ಆಮೇಲೆ ಎದುರಿನವಳ ಸರ್ವ್, ಮೂಲೆಗೆ ಒಂದು, ಮತ್ತೆ ಮೂಲೆಗೆ ಒಂದು. ಕಾಲು ತಲುಪಲಿಲ್ಲ. ಸೋತಳು. ನಾವೂ ಸೋತೆವು.

ಅವಳು ಕೈ ಕುಲುಕಿ ಬಂದಳು. ಬ್ಯಾಟನ್ನು ಬೆಂಚಿನ ಮೇಲೆ ಕುಕ್ಕಿದಳು. ರಿಲೇ ದಿನ ಒಂದು ಹನಿಯೂ ಬರದಿದ್ದ ಕಣ್ಣಿನಲ್ಲಿ ನೀರು ದಳದಳ ಇಳಿಯುತ್ತಿತ್ತು. ಮೂಗು ಒರೆಸಿಕೊಳ್ಳುತ್ತಾ, “ಗೆದ್ದಿರೋ ಮ್ಯಾಚು ಸಾರ್. ನಂದೇ ಮ್ಯಾಚು. ನಾನೇ ಹಾಳ್ ಮಾಡ್ಕೊಂಡೆ” ಎಂದಳು.

ಆಗ ನನ್ನ ಬಾಯಿ ತಾನಾಗಿಯೇ ತೆರೆಯಿತು. “ಮತ್ತೆ? ಒಂಬತ್ತು-ಏಳರಲ್ಲಿ ಯಾರಾದ್ರೂ ಹಂಗೆ ಎತ್ತಿ ಸರ್ವ್ ಮಾಡ್ತಾರಾ? ತಟ್ಟೇಲಿಟ್ಟು ಕೊಟ್ಟ ಹಂಗೆ ಕೊಟ್ಟೆಯಲ್ಲ! ಮೂರು ದಿನದಿಂದ ಏನ್ ಹೇಳ್ದೆ ನಿಂಗೆ? ತಲೆ ಎಲ್ಲಿಟ್ಟಿದ್ದೆ?” ಗ್ಯಾಲರಿ ತಿರುಗಿ ನೋಡುವ ಹಾಗೆ ಕೂಗಿದೆ. ಪಕ್ಕದ ಮೇಷ್ಟ್ರು ನನ್ನ ತೋಳು ಹಿಡಿದರು.

ಕೂಗುತ್ತಿದ್ದ ಹಾಗೆಯೇ ಅರಿವಾಯಿತು. ಶಾಲೆಯ ಬೇರೆ ಮಕ್ಕಳನ್ನು ನಾನು ದಿನಕ್ಕೆ ಹತ್ತು ಸಲ ಹೀಗೆ ಬೈಯುತ್ತೇನೆ. ಇವಳನ್ನು ಜೂನಿನಿಂದ ಒಂದು ಸಲವೂ ಬೈದಿರಲಿಲ್ಲ, ಬೆನ್ನು ತಟ್ಟಿದ್ದೆ ಅಷ್ಟೇ. ಗಾಬರಿಯಿಂದ ಗ್ಯಾಲರಿಯ ಕಡೆ ನೋಡಿದೆ. ಅವಳ ಅಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಹುಡುಗಿ ಮುಖ ಗಂಟು ಹಾಕಿಕೊಂಡು, ಅಳುತ್ತಲೇ, ನನಗೆ ತಿರುಗಿ ಜವಾಬು ಕೊಟ್ಟಳು: “ಗೊತ್ತು ಸಾರ್, ಕೂಗ್ಬೇಡಿ. ನಾಳೆ ಏಳ್ ಗಂಟೆಗೇ ಹಾಲ್ ಬಾಗ್ಲು ತೆಗೀರಿ, ನಾನು ಸರ್ವ್ ಒಂದೇ ಪ್ರಾಕ್ಟೀಸ್ ಮಾಡ್ತೀನಿ.”